ತೊಳೆಯದ ದ್ರಾಕ್ಷಿಯ ಊರು

ಈ ಊರಿಗೆ ಬಂದ ಮೇಲೆ ನನಗೆ ಚೆನ್ನಾಗಿ ನಾಟಿದ ಮೊದಲ ಜಪಾನೀ ಮಾತು ‘ಅರಾವನಾಯ್ದೆ’. ತೊಳೆಯಬೇಡ ಎಂದು ಅರ್ಥ. ಬುಟ್ಟಿ ತುಂಬ ಕಪ್ಪು ದ್ರಾಕ್ಷಿ ಹಿಡಿದು ನಲ್ಲಿಯ ಕಡೆ ಹೊರಟಿದ್ದೆ, ಪಕ್ಕದ ತೋಟದ ನೊರಿಕೊ-ಸಾನ್ ಎರಡೂ ಕೈ ಅಗಲಿಸಿ ಅಡ್ಡ ನಿಂತುಬಿಟ್ಟರು. ಮುಳ್ಳೂರಿನ ನಮ್ಮ ಮನೆಯಲ್ಲಿ ತೊಳೆಯದ ಹಣ್ಣು ಬಾಯಿಗಿಟ್ಟರೆ ಅತ್ತೆ ಕೈಮೇಲೆ ಬಾರಿಸುತ್ತಾರೆ. ಇಲ್ಲಿ ತೊಳೆದರೆ ತಪ್ಪು!

ಊರ ಹೆಸರು ಯೊಯಿಚಿ. ಜಪಾನಿನ ಉತ್ತರದ ತುದಿಯ ಹೊಕ್ಕಾಯ್ಡೊ ದ್ವೀಪದಲ್ಲಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದ್ರಾಕ್ಷಿಯ ದಿಬ್ಬಗಳು. ನಮ್ಮನೆಯವರು ಹಣ್ಣು ಇಡುವ ಕೋಲ್ಡ್ ಸ್ಟೋರೇಜಿನ ಮಿಷನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದರು, ಹಿಂದೆಯೇ ನಾನೂ ಬಂದೆ. ಬಂದ ವಾರಕ್ಕೇ ಹಿಮ ಶುರುವಾಗಿ ಕಿಟಕಿಯ ಮಟ್ಟಕ್ಕೆ ಏರಿತು. ನಮ್ಮಲ್ಲಿ ಬಳ್ಳಿಗೆ ಚಪ್ಪರ ಕಟ್ಟಿ ಮೇಲಕ್ಕೆ ಹಬ್ಬಿಸುತ್ತೇವೆ. ಇಲ್ಲಿ ಹಿಮ ಬೀಳುವ ಮುಂಚೆ ಬಳ್ಳಿಯನ್ನು ತಂತಿಯಿಂದ ಬಿಡಿಸಿ ನೆಲಕ್ಕೆ ಮಲಗಿಸುತ್ತಾರೆ. ಮೇಲಿನ ಗಾಳಿ ಕೊರೆದು ಕೊಲ್ಲುತ್ತದಂತೆ, ಹಿಮದ ಅಡಿಯಲ್ಲಿ ಬೆಚ್ಚಗಿರುತ್ತದಂತೆ. ಕೊಲ್ಲುವ ಚಳಿಯೊಳಗೇ ಕಂಬಳಿಯನ್ನೂ ಇಟ್ಟ ದೇವರಿಗೆ ನಿಂತಲ್ಲಿಂದಲೇ ಕೈಮುಗಿದೆ.

ಕೈಮುಗಿಯಲು ಇನ್ನೂ ಎಷ್ಟೋ ಇದ್ದವು. ನಲ್ಲಿಯಲ್ಲಿ ಬಿಸಿನೀರು, ಕಲ್ಲಿಲ್ಲದ ಅಕ್ಕಿ, ಒಳ್ಳೆಯ ಮೊಸರು. ಊರಿಂದ ತಂದ ರಾಗಿಹಿಟ್ಟು ಇರುವಷ್ಟು ದಿನ ಮುದ್ದೆ. ಅಂಗಡಿಯ ಸಾರಿಗೆಲ್ಲ ಒಣಮೀನಿನ ಪುಡಿ ಬೆರೆತಿರುತ್ತದೆ, ಆದರೆ ನನಗೆ ಕೈಯಿದೆ, ಒಲೆಯಿದೆ. ಇಲ್ಲದ್ದು ಒಂದೇ, ಮಾತು. ನಮ್ಮನೆಯವರು ಕೆಲಸಕ್ಕೆ ಹೋದರೆ ಸಂಜೆಯವರೆಗೆ ಗೋಡೆ ಮತ್ತು ನಾನು. ಅಜ್ಜೀಪುರದ ತವರಿನಲ್ಲಿ ಜಗಲಿಗೆ ಬಂದರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ಮಾತಾಡಿಸುತ್ತಿದ್ದರು.

ಹೀಗೆ ವರ್ಷ ತುಂಬುತ್ತ ಬಂದಾಗ ನೊರಿಕೊ-ಸಾನ್ ಕೊಯ್ಲಿಗೆ ಕರೆದರು. ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ, ಹೆಸರಿನ ಬೆನ್ನಿಗೆ ಹಚ್ಚುವ ಮರ್ಯಾದೆ. ಮನಸ್ಸು ಕುಣಿಯಿತು, ಆಮೇಲೆ ಕುಸಿಯಿತು. ಅವರ ದ್ರಾಕ್ಷಿಯೆಲ್ಲ ವೈನಿಗೆ ಹೋಗುವುದು. ನಾವು ಬೆಟ್ಟದ ಮಾದಪ್ಪನ ಒಕ್ಕಲು, ಹೆಂಡ ಮುಟ್ಟದ ಮನೆ. ಹೋದರೆ ನೇಮ ಕೆಟ್ಟೀತು. ಹೋಗದಿದ್ದರೆ ಇನ್ನೊಂದು ಚಳಿಗಾಲವೂ ಗೋಡೆಯ ಜೊತೆಗೇ. ಅತ್ತೆಗೆ ಫೋನು ಮಾಡಿದೆ.

“ಎಂಡದ ಮನೆಗೆ ಓಯ್ತೀಯೇನೇ ಮಾದೇವಿ?”

“ಅಣ್ಣು ಕೀಳಕ್ಕೆ ಅತ್ತೆ, ಅಷ್ಟೇಯ.”

ಅತ್ತೆ ಎಲೆಅಡಿಕೆ ಅಗಿಯುತ್ತಲೇ ಹೇಳಿದರು, “ಕಬ್ಬು ಕಡಿಯೋರೆಲ್ಲ ಸಾರಾಯಿ ಕುಡ್ದಂಗಾದದಾ? ಅಣ್ಣು ಕಿತ್ತು ಕೊಡು. ಬಾಯ್ಗೆ ಮಾತ್ರ ಇಕ್ಕಬ್ಯಾಡ. ಮಾಯ್ಕಾರ ಮಾದಪ್ಪ ನೋಡ್ತಾವನೆ.”

ಹೋದೆ. ಬೆರಳು ಮರಗಟ್ಟುವ ಚಳಿಯಲ್ಲಿ ಗೊಂಚಲು ಕತ್ತರಿಸಿ, ಬೂಸ್ಟು ಹಿಡಿದ ಕಾಳುಗಳನ್ನು ಆರಿಸಿ ತೆಗೆಯಬೇಕು. ತವರಿನಲ್ಲಿ ರೇಷ್ಮೆ ಸಾಕುತ್ತಿದ್ದೆವು. ಹಣ್ಣಾದ ಹುಳುವನ್ನು ತಟ್ಟೆಯಿಂದ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಂಕಿಗೆ ಬಿಟ್ಟ ಕೈ ಇದು, ದ್ರಾಕ್ಷಿಗೂ ಬಗ್ಗಿತು. ನೊರಿಕೊ-ಸಾನ್ ನನ್ನ ಬುಟ್ಟಿ ನೋಡಿ ತಲೆದೂಗಿದಾಗ, ಸುಳ್ಳೇಕೆ, ಹಿಗ್ಗಿಹೋದೆ.

ಏಕೆ ತೊಳೆಯಬಾರದು ಎಂದು ಅಲ್ಲೇ ತಿಳಿಯಿತು. ಹುಳಿ ಬರಿಸುವ ಜೀವ ಸಿಪ್ಪೆಯ ಮೇಲೆಯೇ ಇರುತ್ತದೆ. ಇವರು ಹೊರಗಿನದೇನನ್ನೂ ಬೆರೆಸುವುದಿಲ್ಲ. ಹಿಂಡಿ ಟ್ಯಾಂಕಿಗೆ ತುಂಬಿ ಕಾಯುತ್ತಾರೆ. ರುಬ್ಬಿಟ್ಟ ದೋಸೆಹಿಟ್ಟನ್ನು ನಾವು ಕಾಯುವುದಿಲ್ಲವೇ, ಹಾಗೆ. ಉಬ್ಬಿಸುವವರು ನಾವಲ್ಲ.

ಕೆಲವು ದಿನ ಕಳೆದು ನೊರಿಕೊ-ಸಾನ್ ನನ್ನ ತಲೆಯನ್ನು ಮೆಲ್ಲಗೆ ಟ್ಯಾಂಕಿಗೆ ಒತ್ತಿ, ಕೇಳು ಎಂದು ಸನ್ನೆ ಮಾಡಿದರು. ಒಳಗೆ ಸಣ್ಣ ಮಳೆ ಹುಯ್ಯುವ ಸದ್ದು. ನಾಲ್ಕನೇ ಜ್ವರದಿಂದ, ಅಂದರೆ ಕಡೆಯ ಸಲ ಪೊರೆ ಬಿಟ್ಟು, ಎದ್ದ ರೇಷ್ಮೆಹುಳು ಮನೆ ತುಂಬ ಸೊಪ್ಪು ಮೇಯುವ ಸದ್ದೂ ಅದೇ. ಅವ್ವ ಆ ಹೊತ್ತಿನಲ್ಲಿ ನಮಗೆ ಜೋರಾಗಿ ಮಾತಾಡಲು ಬಿಡುತ್ತಿರಲಿಲ್ಲ. ಕಣ್ಣು ತುಂಬಿತು. ಹೆಂಡದ ಟ್ಯಾಂಕಿಗೆ ಕೆನ್ನೆ ಕೊಟ್ಟು ನಾನು ತವರಿಗೆ ಹೋಗಿ ಬಂದೆ.

ಕೊಯ್ಲು ಮುಗಿದ ದಿನ ಎಲ್ಲರಿಗೂ ಊಟ. ಹೋದ ವರ್ಷದ ವೈನನ್ನು ಗ್ಲಾಸುಗಳಿಗೆ ಬಗ್ಗಿಸಿದರು. ನನ್ನ ಮುಂದೆಯೂ ಒಂದು ಬಂತು. ಎಲ್ಲರೂ ಒಟ್ಟಿಗೆ ಗ್ಲಾಸೆತ್ತಿ ‘ಕಂಪಾಯ್’ ಎಂದ ಮೇಲೇ ಇಲ್ಲಿ ಊಟ ಶುರು. ಎಲ್ಲರ ಕೈ ಮೇಲಿದೆ, ನನ್ನದು ತೊಡೆಯ ಮೇಲೆ. ಎತ್ತಿದರೆ ಮಾದಪ್ಪ ಮುನಿದಾನು, ಎತ್ತದಿದ್ದರೆ ಇವರು. ವರ್ಷವೆಲ್ಲ ಹಸಿದು ಪಡೆದ ಸ್ನೇಹ. ಬಂದಷ್ಟು ಜಪಾನಿಯಲ್ಲಿ, “ನನ್ನ ದೇವರು ಒಪ್ಪುವುದಿಲ್ಲ” ಎಂದೆ.

ಯಾರೂ ನಗಲಿಲ್ಲ. ನೊರಿಕೊ-ಸಾನ್ ಎದ್ದು ನನ್ನ ಗ್ಲಾಸು ತೆಗೆದುಕೊಂಡರು. ಗೋಡೆಯ ಮೇಲೆ ಅವರ ಕಾಮಿದಾನ ಇತ್ತು, ದೇವರನ್ನಿಡುವ ಪುಟ್ಟ ಮರದ ಗೂಡು. ಗ್ಲಾಸನ್ನು ಅದರ ಮುಂದಿಟ್ಟು ಎರಡು ಸಲ ಚಪ್ಪಾಳೆ ತಟ್ಟಿ ಬಗ್ಗಿ ನಮಸ್ಕರಿಸಿದರು. “ಹಾಗಾದರೆ ನಿಮ್ಮ ಪಾಲು ನಮ್ಮ ದೇವರಿಗೆ” ಎಂದು ನನಗೆ ಬಿಸಿ ಟೀ ಬಗ್ಗಿಸಿ ಕೊಟ್ಟರು. ಅಲ್ಲಿಯವರೆಗೆ ಒಬ್ಬರೂ ತುಟಿ ಒದ್ದೆ ಮಾಡಿರಲಿಲ್ಲ. ಟೀ ಎತ್ತಿ ನಾನೂ ಕಂಪಾಯ್ ಎಂದೆ.

ಮಾರನೆಯ ದಿನ ಅತ್ತೆಗೆ ಎಲ್ಲ ಹೇಳಿದೆ. “ಒಳ್ಳೇ ಎಂಗ್ಸು ಕಣೆ ಅವಳು. ಅವರ ದೇವ್ರು ಕುಡ್ದ್ರೆ ಕುಡ್ಕೊಳ್ಳಿ ಬುಡು” ಎಂದು ನಕ್ಕರು. ಆಮೇಲೆ ದನಿ ಇಳಿಸಿ ಕೇಳಿದರು, “ಬರೋ ವರ್ಸದ ದೀಪಾವಳಿಗಾರ ಇಬ್ರೂ ಬತ್ತೀರಾ? ಬೆಟ್ಟಕ್ಕೆ ಓಗದಿತ್ತು.”

“ದೀಪಾವಳಿ ಒತ್ಗೆ ಆಗಕಿಲ್ಲ ಅತ್ತೆ. ನಮ್ಮ ಕೊಯ್ಲಿರ್ತದೆ.”

“ನಮ್ಮದಾ?” ಎಂದರು ಅತ್ತೆ. “ಯಾವತ್ತಿಂದವ್ವ ನಿಮ್ದಾಯ್ತು?”

ಫೋನು ಹಿಡಿದೇ ಕಿಟಕಿಯ ಹತ್ತಿರ ಬಂದೆ. ಹೊರಗೆ ನೊರಿಕೊ-ಸಾನ್ ಬಳ್ಳಿ ಮಲಗಿಸಲು ಶುರು ಮಾಡಿದ್ದರು, ಒಬ್ಬರೇ. “ಬೇಸಿಗೇಲಿ ಬತ್ತೀವಿ ಅತ್ತೆ” ಎಂದೆ. ಬರುತ್ತೇವೆ ಎನ್ನುವಷ್ಟರಲ್ಲೇ ಬಾಗಿಲಿಗೆ ಬಂದಿದ್ದೆ, ಕಾಲು ಬೂಟನ್ನು ಹುಡುಕುತ್ತಿತ್ತು.