ಮೊದಲನೇ ಗಿಡ

ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿಗೆ, ಕಾಂಡ ಕೊರೆಯುವ ಬೋರರ್ ಹುಳ ಹೊಕ್ಕಿರುವ ಬ್ಲಾಕ್ ಯಾವುದೆಂದು ಹೇಳುವ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಏಳನೇ ಬ್ಲಾಕ್ ಅಂದಿತು. ಹುಳ ಹಿಡಿದ ಗಿಡ ಕಡಿಯಲು ಮೇಸ್ತ್ರಿ ಆಳುಗಳ ಜೊತೆ ಹೊರಟರು.

ಆಮೇಲೆ ಅದನ್ನೇ ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ಓಡಿಸಿದರೆ, ಮೂರನೇ ಬ್ಲಾಕ್! ಒಂದೊಂದು ಬ್ಲಾಕಿನ ಮಾಹಿತಿ ಒಂದೊಂದು ಫೈಲಿನಲ್ಲಿತ್ತು; ಮೊದಲು ಓದಿದ ಫೈಲೇ ಒಂದನೇ ಬ್ಲಾಕಿನದು ಅಂತ ನಾನು ಹಿಡಿದಿದ್ದೆ. ಎರಡೂ ಯಂತ್ರಗಳು ಫೈಲು ಓದುವ ಕ್ರಮವೇ ಬೇರೆ ಬೇರೆ.

ಏದುಸಿರು ಬಿಡುತ್ತಾ ಏಳನೇ ಬ್ಲಾಕಿಗೆ ಓಡಿದೆ. "ನಿಲ್ಸಿ, ನಿಲ್ಸಿ!"

"ಆಗ್ಲೇ ನಿಲ್ಸಿದೀನಿ ಮಾರಾಯ್ರೆ," ಅಂದರು ಮೇಸ್ತ್ರಿ. "ಮೊದಲನೇ ಗಿಡ ಸೀಳಿ ನೋಡದೆ ಎರಡನೇದಕ್ಕೆ ಕತ್ತಿ ಹಾಕಲ್ಲ ನಾನು."

ಸೀಳಿದ ಕಾಂಡದಲ್ಲಿ ಒಂದು ತೂತೂ ಇರಲಿಲ್ಲ.

ನಾನೋ, ಎರಡನೇ ಕಂಪ್ಯೂಟರ್ ನೋಡುವ ಮೊದಲೇ ಹತ್ತು ಕತ್ತಿ ಕಳಿಸಿದ್ದೆ.