ಟಾಪ್ ಇಲ್ಲದ ಕಾರಿನಲ್ಲಿ ಔರಾದಿಗೆ

ಮೊನ್ನೆ ಬೀದರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಂಗಲ ಕಾರ್ಯಾಲಯದ ಮುಂದೆ ಚೆಂಡುಹೂವಿನ ಮಾಲೆ ಹೊತ್ತ ಹಳೆಯ ಕಾರೊಂದು ಟಾಪ್ ಮಡಚಿಕೊಂಡು ನಿಂತಿತ್ತು. ಹಾದುಹೋಗುವಾಗ ಬಿಸಿಲಿಗೆ ಕಾದ ಚರ್ಮದ ಸೀಟಿನ ವಾಸನೆ ಬಂತು ನೋಡಿ, ಕೈಯಲ್ಲಿದ್ದ ಉಡುಗೊರೆಯ ಪೊಟ್ಟಣ ತಾನಾಗಿ ನನ್ನ ತಲೆಯ ಮೇಲೆ ಹೋಯಿತು. ಜೊತೆಗಿದ್ದವರು ಬಿಸಿಲಿಗೆ ಹಿಡಿದಿದ್ದೇನೆ ಎಂದುಕೊಂಡರು. ನಾನೂ ಹೌದೆಂದೆ.

ನನ್ನ ಮದುವೆಯೂ ಬೀದರಿನಲ್ಲೇ ಆದದ್ದು. ಗಂಡನ ಮನೆ ಔರಾದ. ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಆದರೆ ನನ್ನವರ ಸೋದರಮಾವ ಭಾಲ್ಕಿಯಲ್ಲಿ ಗ್ಯಾರೇಜು ಇಟ್ಟವರು. ಹಿಂದೆ ಜಾಗೀರು ಇದ್ದ ಮನೆತನವೊಂದರ ಅಮೆರಿಕದ ಕಾರು ರಿಪೇರಿಗೆಂದು ಬಂದು ವರ್ಷಗಟ್ಟಲೆ ಅವರಲ್ಲೇ ಉಳಿದಿತ್ತು. ಎಮ್ಮೆಯ ಮೂತಿಯಂಥ ಅಗಲ ಮುಖ, ಹಿಂದೆ ಮೀನಿನ ಬಾಲದಂತೆ ಎದ್ದ ರೆಕ್ಕೆ, ಗುಂಡಿ ಒತ್ತಿದರೆ ಮಡಚಿಕೊಳ್ಳುವ ಬಟ್ಟೆಯ ಟಾಪ್. "ಸೊಸಿನ್ನ ಬಸ್ಸಿನ್ಯಾಗ ತರ್ತೀರೇನ್ರಿ ಅಕ್ಕಾ? ನಾ ತರ್ತೇನಿ ನೋಡ್ರಿ, ನವಾಬರ ಮನಿಯವರ ಹಂಗ," ಎಂದಿದ್ದರಂತೆ ಮಾವ. ಮಾಲೀಕರನ್ನು ಕೇಳಿಕೊಂಡು ತಂದೂಬಿಟ್ಟರು.

ನನಗೋ ಕಾರಿನ ಸಂಭ್ರಮಕ್ಕಿಂತ ಪಕ್ಕದಲ್ಲಿ ಕೂತ ಅತ್ತೆಯ ಭಯವೇ ದೊಡ್ಡದು. ಹೆಣ್ಣು ನೋಡಲು ಬಂದಾಗ ಅವರು ಕೇಳಿದ್ದು ಒಂದೇ ಮಾತು: "ರೊಟ್ಟಿ ಬಡೀಲಾಕ ಬರ್ತದೇನು?" ಬರ್ತದ್ರಿ ಎಂದಿದ್ದೆ. ನಾನು ತಟ್ಟಿದ ಒಂದು ರೊಟ್ಟಿಯೂ ಅದುವರೆಗೆ ಇಡಿಯಾಗಿ ಹಂಚು ಸೇರಿರಲಿಲ್ಲ. ಈ ಸುಳ್ಳು ಔರಾದ ಮುಟ್ಟಿದ ಮೇಲೆ ಎಷ್ಟು ಹೊತ್ತಿಗೆ ಬಯಲಾದೀತು ಎಂದು ಯೋಚಿಸುತ್ತ ಕೂತಿದ್ದೆ. ಟಾಪ್ ಮಡಚಿದ್ದರಿಂದ ಸೀಟು ಸುಡುತ್ತದೆಂದು ಅತ್ತೆ ನಮ್ಮಿಬ್ಬರ ಕೆಳಗೆ ಹಳೆ ಸೀರೆಗಳನ್ನು ಪದರ ಹಾಕಿ ಹೊಲಿದ ಒಂದು ಕೌದಿ ಹಾಸಿದ್ದರು.

ಮಾಂಜ್ರಾ ನದಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಕಾಯಿತು. ಮಾವ ಒಂದು ಆಲದ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದರು. ಉಗಿ ಭುಸ್ಸೆಂದು ಎದ್ದು ಕೊಂಬೆಗಳ ನಡುವೆ ಹೋಯಿತು. ಅದನ್ನೇ ನೋಡುತ್ತ ಕತ್ತೆತ್ತಿದೆ. ಕೊಂಬೆಯ ಮೇಲೆ ಯಾರೋ ಕರಿ ಕಂಬಳಿ ಒಣಹಾಕಿದ ಹಾಗಿತ್ತು. ಕಂಬಳಿ ಅಲುಗಿತು.

"ಜೇನಹುಳ ಎದ್ದಾವ," ಎಂದರು ಅತ್ತೆ, ಬಹಳ ಮೆಲ್ಲಗೆ. "ತಮ್ಮಾ, ಟಾಪ್ ಹಾಕು."

ಮಾವ ಓಡಿ ಬಂದು ಗುಂಡಿ ಒತ್ತಿದರು. ಟಾಪ್ ಕುಂಯ್‌ಗುಡುತ್ತ ಅರ್ಧ ಎದ್ದು ಅಲ್ಲೇ ನಿಂತಿತು. ಮುಂದಿನ ಸೀಟಿನಲ್ಲಿದ್ದ ನನ್ನವರು ಎದ್ದು ಎರಡೂ ಕೈಯಿಂದ ಜಗ್ಗಿದರು. ಕದಲಲಿಲ್ಲ. ಅಷ್ಟರಲ್ಲಿ ಹುಳುಗಳ ಸದ್ದು ನಮ್ಮನ್ನು ಸುತ್ತಿಕೊಂಡಿತು. ಈಗಲೂ ಮನೆಯ ಮಿಕ್ಸರ್ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತವೆ.

ಮೊದಲ ಹುಳು ನನ್ನ ರೆಪ್ಪೆಗೆ ಕಚ್ಚಿತು. ಕಿರುಚುವ ಮೊದಲೇ ಅತ್ತೆ ನನ್ನ ಹೆಗಲು ಹಿಡಿದು ಸೀಟಿನ ಕೆಳಗಿನ ಸಂದಿಗೆ ತುರುಕಿ, ಕೌದಿ ಜಗ್ಗಿ ಮೇಲೆ ಹೊದಿಸಿದರು. "ಸುಮ್ಮ ಬೀಳು. ಅಲಗ್ಯಾಡಬ್ಯಾಡ."

ಒಳಗೆ ಉಸಿರುಗಟ್ಟುವ ಕತ್ತಲೆ. ಮಾವ ಬಾನೆಟ್ ಕುಕ್ಕಿದ್ದು, ಇಂಜಿನ್ ಕೆಮ್ಮಿ ಸುಮ್ಮನಾದದ್ದು, ಮತ್ತೆ ಕೆಮ್ಮಿದ್ದು ಕೇಳಿಸಿತು. ಎಲ್ಲಕ್ಕಿಂತ ಹತ್ತಿರ ಅತ್ತೆಯ ದನಿ. "ಬಸವಾ, ಬಸವಾ" ಎನ್ನುತ್ತಿದ್ದರು. ನಡುನಡುವೆ ಅದು ಬರೀ ನರಳಾಟವಾಗುತ್ತಿತ್ತು. ಕೌದಿ ಇಬ್ಬರಿಗೆ ಸಾಲುವಷ್ಟು ದೊಡ್ಡದಿತ್ತು. ಒಂದು ಅಂಚು ಎತ್ತಿದ್ದರೆ ಅವರೂ ತಲೆ ತೂರಿಸಬಹುದಿತ್ತು. ನಾನು ಎತ್ತಲಿಲ್ಲ. ಎರಡೂ ಮುಷ್ಟಿಯಲ್ಲಿ ಬಟ್ಟೆ ಹಿಡಿದು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡೆ.

ಕೊನೆಗೂ ಇಂಜಿನ್ ಹಿಡಿಯಿತು. ಅರ್ಧ ಎದ್ದ ಟಾಪ್ ಗಾಳಿಗೆ ಪಟಪಟ ಬಡಿಯುತ್ತಿದ್ದರೂ ಕಾರು ಔರಾದದ ದವಾಖಾನೆಯ ತನಕ ನಿಲ್ಲಲಿಲ್ಲ. ಮಾವನಿಗೂ ನನ್ನವರಿಗೂ ಮುಖ, ಕೈ ಊದಿದ್ದವು. ಆದರೆ ಅತ್ತೆಯ ಮುಖವನ್ನು ನಾನು ಗುರುತು ಹಿಡಿಯಲಿಲ್ಲ. ಕಂಪೌಂಡರ್ ಅವರ ಕುತ್ತಿಗೆಯಿಂದ ಮುಳ್ಳು ಕೀಳುತ್ತಲೇ ಇದ್ದ. ಎರಡು ದಿನ ಅವರು ಉಳಿಯುತ್ತಾರೋ ಇಲ್ಲವೋ ಎಂದು ಮನೆಯೆಲ್ಲ ಪಿಸುಗುಟ್ಟಿತು. ನಾನು ಅವರ ಕಾಲ ಬಳಿಯೇ ಕೂತಿದ್ದೆ. ಮೂರನೆಯ ದಿನ ಒಂದು ಕಣ್ಣು ತೆರೆದು, ನಾನು ತಂದ ಹರಿದ ರೊಟ್ಟಿ ನೋಡಿ, "ಬರ್ತದ ಅಂದಿದ್ದಿ?" ಎಂದರು. ಅತ್ತದ್ದು ನಾನು.

ಆಮೇಲಿನ ಇಷ್ಟೂ ವರ್ಷ ಊರೆಲ್ಲ ಅತ್ತೆಯ ಧೈರ್ಯವನ್ನು ಹೊಗಳಿತು. ನನ್ನ ಮುಷ್ಟಿಯ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಮೊನ್ನೆ ಮದುವೆಯಿಂದ ಬಂದವಳು ಸೀರೆ ಕೂಡ ಬದಲಿಸದೆ ಅವರ ಎದುರು ಕೂತೆ. ಅತ್ತೆಗೆ ಈಗ ಕಣ್ಣು ಮಂದ. ಮೊರದಲ್ಲಿ ತೊಗರಿಬೇಳೆಯನ್ನು ಬೆರಳಿನಿಂದಲೇ ತಡವಿ ಹಸನು ಮಾಡುತ್ತಿದ್ದರು. ಹೇಳಿದೆ. ಎಲ್ಲವನ್ನೂ ಹೇಳಿದೆ. "ನಿಮ್ಗ ಒಳಗ ಕರ್ಕೋಬೇಕಿತ್ತುರಿ ಅತ್ತಿ. ನಾ ಕರ್ಕೊಳ್ಳಿಲ್ಲ."

ಅವರ ಬೆರಳು ನಿಂತವು.

"ನೀ ಹ್ಯಾಂಗ ಎತ್ತತಿದ್ದಿ? ಕೌದಿ ಅಂಚಿನ ಮ್ಯಾಲ ನಾನೇ ಕಾಲಿಟ್ಟು ಕುಂತಿದ್ದೆ. ನಿನಗ ಎತ್ತಲಾಕ ಬರ್ತಿದ್ದಿಲ್ಲ."

ಮತ್ತೆ ಬೇಳೆ ತಡವತೊಡಗಿದರು. ನಾನು ಒಮ್ಮೆಯೂ ಎತ್ತಿ ನೋಡಿರಲಿಲ್ಲ. ಹಾಗಾಗಿ ಅವರು ಹೇಳಿದ್ದು ನಿಜವೋ, ನನ್ನ ಮೇಲೆ ಇನ್ನೊಂದು ಸಲ ಏನನ್ನೋ ಹೊದಿಸಿದರೋ, ನನಗೆ ತಿಳಿಯುವ ಹಾಗಿಲ್ಲ. ಅವರ ಪಕ್ಕಕ್ಕೆ ಸರಿದು ನಾನೂ ಮೊರಕ್ಕೆ ಕೈ ಹಾಕಿದೆ.