ಗುಬ್ಬಿಯ ಹೆಸರಲ್ಲಿ ಬಂದ ಸುದ್ದಿ

ನನ್ನ ತಂಗಿಯ ವಿಷಯ ಹೇಳುತ್ತೇನೆ, ಬರೆದುಕೊಳ್ಳಿ. ನಡುವೆ ಎಲ್ಲೆಲ್ಲಿಗೋ ಹೋದರೆ ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಅವಳನ್ನು ಗುಬ್ಬಿ ಅಂತ ಕರೆಯುತ್ತಿದ್ದೆವು. ಹುಟ್ಟಿದಾಗ ಅಂಗೈಯಷ್ಟಿದ್ದಳು. ಆಮೇಲೆ ಮೈ ತುಂಬಿಕೊಂಡಳು, ಹೆಸರು ಮಾತ್ರ ಹಾಗೇ ಉಳಿಯಿತು.

ಗುಬ್ಬಿ ಪತ್ರಿಕೆಯೊಂದರ ವರದಿಗಾರ್ತಿ. ಊರಿನ ದೊಡ್ಡಾಸ್ಪತ್ರೆಯ ಸುದ್ದಿಯೆಲ್ಲ ಅವಳದೇ. ಮದುವೆಯ ಮಾತೆತ್ತಿದರೆ, "ಆಸ್ಪತ್ರೇನ ಕಟ್ಕೊಂಡಿದೀನಲ್ಲ ಅಕ್ಕ, ಸಾಲ್ದಾ?" ಅನ್ನುವಳು. ಅವಳದೊಂದು ಪದ್ಧತಿ ಇತ್ತು. ಯಾರ ಬಗ್ಗೆ ಬರೆದರೂ ಕಚೇರಿಗೆ ಕಳಿಸುವ ಮೊದಲು ಅವರಿಗೇ ಓದಿ ಹೇಳುವಳು. ಬೈದು ಬರೆದಿದ್ದರೂ ಸರಿಯೇ. ಒಮ್ಮೆ ಆಸ್ಪತ್ರೆಯ ಔಷಧಿ ಕದ್ದು ಮಾರುತ್ತಿದ್ದವನಿಗೇ ಫೋನ್ ಮಾಡಿ, "ನೀವು ಕದ್ದಿದೀರಿ ಅಂತ ಬರೆದಿದೀನಿ. ಓದ್ತೀನಿ, ತಪ್ಪಿದ್ರೆ ಹೇಳಿ" ಅಂದಳಂತೆ. ಅವನು ಪೂರ್ತಿ ಕೇಳಿಸಿಕೊಂಡು, "ಮಂಗಳವಾರ ಅಲ್ಲ ಮೇಡಂ, ಬುಧವಾರ" ಅಂದನಂತೆ. ಇದನ್ನು ನೆನೆದು ನಮ್ಮ ಯಜಮಾನರು ಊಟ ನೆತ್ತಿಗೇರುವಷ್ಟು ನಗುತ್ತಿದ್ದರು. ಅವರಿಗೆ ನಾದಿನಿ ಅಂದರೆ ಪ್ರಾಣ. ಇರಲಿ, ಅವರ ಕಥೆ ಶುರು ಮಾಡಿದರೆ ಇದು ಮುಗಿಯುವುದಿಲ್ಲ.

ಪತ್ರಿಕೆ ಫೋನಿನೊಳಗೆ ಬಂದ ಮೇಲೆ ಕಚೇರಿಯೇ ಬದಲಾಯಿತಂತೆ. ಗೋಡೆಗೆ ಅಗಲವಾದ ಪರದೆ ಹಾಕಿದರು. ಯಾವ ಸುದ್ದಿಯನ್ನು ಎಷ್ಟು ಜನ ನೋಡುತ್ತಿದ್ದಾರೆ ಅಂತ ಅದರಲ್ಲಿ ಅಂಕಿ ಓಡುತ್ತಿತ್ತು. ಬರೆದದ್ದನ್ನು ತಿದ್ದಿ ನೋಡುತ್ತಿದ್ದ ಹಳಬರನ್ನೆಲ್ಲ ಒಬ್ಬೊಬ್ಬರಾಗಿ ಮನೆಗೆ ಕಳಿಸಿದರು. ಅವರ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟಿದ್ದರು. ಉಳಿದವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಫೋನಿಂದ ಫೋನಿಗೆ ಹಾರುವ ವಿಡಿಯೋ ಒಂದನ್ನು ಕೊಟ್ಟರೆ ಕಂಪ್ಯೂಟರೇ ಸುದ್ದಿ ಬರೆದು ಕೊಡುತ್ತದಂತೆ. ಆದರೂ ಮೇಲೊಂದು ಮನುಷ್ಯರ ಹೆಸರು ಬೇಕಲ್ಲ. ಆಸ್ಪತ್ರೆಯ ಸುದ್ದಿಯಾದರೆ ಗುಬ್ಬಿಯ ಹೆಸರು. ಅದಿದ್ದರೆ ಜನ ನಂಬುತ್ತಾರೆ ಅಂತ. "ಸಣ್ಣಪುಟ್ಟದ್ದಕ್ಕೆ ಹಾಕ್ಕೋತಾರೆ ಅಕ್ಕ, ಡಾಕ್ಟರು ರಜೆ, ಹೊಸ ವಾರ್ಡು, ಅಂಥದ್ದಕ್ಕೆ" ಅಂದಿದ್ದಳು.

ಒಂದು ದಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಫೋನ್ ನೋಡುತ್ತಾ ಲೊಚಗುಟ್ಟಿದಳಂತೆ. "ನೋಡ್ರೀ, ಒಳಗೆ ರೋಗಿ ಸಾಯ್ತಾ ಇದ್ರೆ ಆಂಬುಲೆನ್ಸ್ ನಿಲ್ಲಿಸಿ ಟೀ ಕುಡೀತಿದಾನೆ. ಇವನೂ ಒಬ್ಬ ಮನುಷ್ಯನಾ?"

ಗುಬ್ಬಿ ಬಗ್ಗಿ ನೋಡಿದಳು. ಟೀ ಅಂಗಡಿ, ಗಾಡಿ, ಲೋಟ ಹಿಡಿದು ನಿಂತ ಡ್ರೈವರ್. ಅವನು ಇವಳಿಗೆ ಚೆನ್ನಾಗಿ ಗೊತ್ತಿದ್ದವನೇ. ಉದ್ದಕ್ಕಿದ್ದಾನೆ ಅಂತ ಆಸ್ಪತ್ರೆಯವರೆಲ್ಲ ಕಂಬ ಅಂತ ಕರೆಯುತ್ತಿದ್ದರು. ಸುದ್ದಿಯ ತಲೆಯ ಮೇಲೆ ಗುಬ್ಬಿಯ ಹೆಸರಿತ್ತು.

ಅಲ್ಲೇ ಇಳಿದು ಆಸ್ಪತ್ರೆಗೆ ಹೋದಳು. ಕಂಬ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಗಾಡಿ ಖಾಲಿ ಇತ್ತು ಅಕ್ಕ. ರೋಗೀನ ವಾರ್ಡಿಗೆ ಬಿಟ್ಟು ವಾಪಸ್ ಹೊರಟಿದ್ದೆ. ಬೆಳಗಿಂದ ಹೊಟ್ಟೆಗೆ ಏನೂ ಬಿದ್ದಿರ್ಲಿಲ್ಲ."

ನರ್ಸ್‌ಗಳನ್ನು ಕೇಳಿದಳು. ನಿಜ, ಅವತ್ತು ಸತ್ತುಹೋದ ರೋಗಿ ಬಂದದ್ದು ಬೇರೆ ಗಾಡಿಯಲ್ಲಿ. ಆದರೆ ಗಾಡಿಗಳ ಗುತ್ತಿಗೆದಾರ ಕಂಬನ ಕೈಯಿಂದ ಆಗಲೇ ಕೀ ಕಿತ್ತುಕೊಂಡಿದ್ದ. ಗುಬ್ಬಿ ಅಲ್ಲೇ ಕೂತು ನಡೆದದ್ದನ್ನು ಬರೆದು ಓದಿ ಹೇಳಿದಳು.

"ಸರಿಯಾಗಿದೆ ಅಕ್ಕ. ಇದು ಬಂದ್ಬಿಟ್ರೆ ಕೀ ವಾಪಸ್ ಕೊಡ್ತಾರೆ."

"ಬರುತ್ತೆ ಕಣೋ" ಅಂದಳು.

ಬರೆದದ್ದನ್ನು ಹಿಡಿದುಕೊಂಡು ಕಚೇರಿಗೆ ಹೋದಳು. ಸಂಪಾದಕ ಇವಳ ಹತ್ತಿರವೇ ಕೆಲಸ ಕಲಿತವನು. "ಆ ಸುದ್ದಿ ತೆಗೆದುಹಾಕಿದೀವಲ್ಲ ಮೇಡಂ. ಈಗ ಹುಡುಕಿದ್ರೂ ಸಿಗಲ್ಲ" ಅಂದ.

"ನೋಡಿದವರ ತಲೆಯಿಂದ ತೆಗೆದಿದೀರಾ? ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ ಇದನ್ನ ಹಾಕಿ."

"ತಪ್ಪಾಯ್ತು ಅಂತ ಒಪ್ಕೊಂಡ್ರೆ ಕೇಸ್ ಬೀಳುತ್ತೆ ಅಂತ ವಕೀಲರು ಹೇಳಿದಾರೆ. ನೀವೂ ಸುಮ್ನಿದ್ಬಿಡಿ. ಎರಡು ದಿನದಲ್ಲಿ ಜನ ಮರೀತಾರೆ."

"ಹಾಗಾದ್ರೆ ನನ್ನ ಹೆಸರನ್ನೂ ಮರೀರಿ" ಅಂದವಳೇ ಊಟದ ಡಬ್ಬಿ ಎತ್ತಿಕೊಂಡು ನೇರ ನಮ್ಮ ಮನೆಗೆ ಬಂದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ನೀನು ಕೆಲಸ ಬಿಟ್ರೆ ಅವನಿಗೆ ಕೀ ಸಿಗುತ್ತೇನೇ?" ಅಂದೆ. ಅವಳು ಡಬ್ಬಿ ತೊಳೆಯಲು ನಿಂತಳು. ಅದರಲ್ಲಿ ಊಟ ಹಾಗೇ ಇತ್ತು, ಎಲ್ಲವನ್ನೂ ನೀರಿಗೆ ಬಿಟ್ಟಳು.

ಬೇರೆ ಪತ್ರಿಕೆಗಳ ಬಾಗಿಲು ತಟ್ಟಿದಳು. ಇನ್ನೊಬ್ಬರ ತಪ್ಪು ನಾವ್ಯಾಕೆ ತಿದ್ದೋಣ ಅಂದರು. ಕೊನೆಗೆ ಗುತ್ತಿಗೆದಾರನ ಮುಂದೆಯೇ ಹೋಗಿ ನಿಂತಳು. ಅವನೇನು ಕೆಟ್ಟವನಲ್ಲ, ಕುರ್ಚಿ ಕೊಟ್ಟು ಕೂರಿಸಿದ.

"ಗಾಡಿ ಖಾಲಿ ಇತ್ತು ಅಂತ ನನಗೂ ಗೊತ್ತು ಮೇಡಂ. ಆದ್ರೆ ಊರಿಗೆಲ್ಲ ಗೊತ್ತಿರೋದು ನಿಮ್ಮ ಹೆಸರಲ್ಲಿ ಬಂದದ್ದು. ಬೇರೆ ಯಾರಾದ್ರೂ ಬರೆದಿದ್ರೆ ಅರ್ಧ ಜನ ನಂಬ್ತಿರ್ಲಿಲ್ಲ. ಓದಿ ಹೇಳದೆ ನೀವು ಬರೆಯೋರಲ್ಲ ಅಂತ ಎಲ್ರಿಗೂ ಗೊತ್ತಲ್ಲ. ಅವನನ್ನ ಗಾಡಿಗೆ ಹತ್ತಿಸಿದ್ರೆ ಜನ ಗಾಜು ಒಡೀತಾರೆ. ಪೇಪರಲ್ಲಿ ಹಾಕಿಸಿ, ಅವತ್ತೇ ಕೀ ಕೊಡ್ತೀನಿ."

ಪೇಪರೇ ಇಲ್ಲದವಳು ಎಲ್ಲಿ ಹಾಕಿಸುತ್ತಾಳೆ?

ಕಂಬನ ಮನೆಗೆ ಹೋಗಿ ಇದನ್ನು ಹೇಳಿಬಿಡುತ್ತೇನೆ ಅಂತ ಹೊರಟಳು. ನಾನೂ ಜೊತೆಗೆ ಹೋದೆ, ಮಂಡಿ ನೋವಿದ್ದರೂ. ಇಕ್ಕಟ್ಟಾದ ಓಣಿ, ಒಂದೇ ಕೋಣೆಯ ಮನೆ. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ.

"ಅವರಿಲ್ಲ" ಅಂದಳು.

"ಅದನ್ನ ನಾನು ಬರೆದಿದ್ದಲ್ಲಮ್ಮ. ನನ್ನ ಹೆಸರು ಅವರೇ ಹಾಕ್ಕೊಂಡಿದ್ದು" ಅಂದಳು ಗುಬ್ಬಿ.

ಆ ಹುಡುಗಿ ದನಿ ಏರಿಸಲಿಲ್ಲ. "ಇರಬಹುದು ಅಕ್ಕ. ನೀವು ಬರೆದದ್ದು ಯಾವುದು, ಬರೆಯದ್ದು ಯಾವುದು ಅಂತ ನಮ್ಮಂಥೋರಿಗೆ ಹೇಗೆ ಗೊತ್ತಾಗ್ಬೇಕು? ಶಾಲೇಲಿ ನನ್ನ ಮಗಳಿಗೆ ಟೀ ಬೇಕಾ ಅಂತ ಕೇಳ್ತಾರೆ. ಅವಳೂ ನಿಮ್ಮ ಹೆಸರು ಓದಿದಾಳೆ."

ಬಾಗಿಲ ಪಕ್ಕದಲ್ಲಿ ಗಂಡಸಿನ ಚಪ್ಪಲಿ ಇತ್ತು, ಅಷ್ಟುದ್ದದ ಚಪ್ಪಲಿ ಆ ಓಣಿಯಲ್ಲಿ ಇನ್ನೊಬ್ಬರದಿರಲಾರದು. ನಾವಿಬ್ಬರೂ ನೋಡಿದೆವು. ಒಳಗಿನಿಂದ ಒಂದು ಕೆಮ್ಮಾದರೂ ಕೇಳೀತು ಅನ್ನುವವಳ ಹಾಗೆ ಗುಬ್ಬಿ ಬಾಗಿಲತ್ತ ಕಿವಿಗೊಟ್ಟಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಬಾ ಅಕ್ಕ, ಹೋಗೋಣ. ಎಷ್ಟು ಹೊತ್ತು ಅಂತ ಅವನು ಒಳಗೆ ಉಸಿರು ಬಿಗಿಹಿಡಿದು ಕೂತಿರ್ತಾನೆ" ಅಂದಳು.